ಡೈರಿ ಸಾಲಿನಲ್ಲಿ ಪೋಷಕರ ಸಭೆ

ಶಿಡ್ಲಘಟ್ಟ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿ-ಕಲಿ ಮಿಸ್, ಅಂದರೆ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ, ಒಟ್ಟು 26 ಮಕ್ಕಳು. ಕೆಲಸಕ್ಕೆ ಸೇರಿದ ವರ್ಷ ನಾನು ಕರೆದ ಮೊದಲ ಪೋಷಕರ ಸಭೆಗೆ ಏಳು ಜನ ಬಂದರು. ಅದರಲ್ಲಿ ಇಬ್ಬರು ಅಜ್ಜಿಯರು. 'ಮಕ್ಕಳ ಮೇಲೆ ಇವರಿಗೆ ಕಾಳಜಿನೇ ಇಲ್ಲ' ಅಂತ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಒಂದು ತಪ್ಪು ಮಾಡಿದೆ. ಯಾವ ಮಗು ಕಲಿಕಾ ಏಣಿಯ (ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ) ಯಾವ ಮೆಟ್ಟಿಲಲ್ಲಿದೆ ಅಂತ ಎಲ್ಲರೆದುರು ಜೋರಾಗಿ ಓದಿದೆ. ಮೂರನೇ ತರಗತಿಯ ಒಬ್ಬ ಹುಡುಗ ದಶಕ ತಗೊಂಡು ಕಳೆಯುವ ಲೆಕ್ಕದಲ್ಲೇ ನಿಂತಿದ್ದ. ಅವನಪ್ಪ ತಲೆ ತಗ್ಗಿಸಿ ಕೂತಿದ್ದರು. ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಬಂದಾಗ ಕಾಲ ಮೇಲೆ ಬಾಸುಂಡೆ ಇತ್ತು. ಹೊಡೆದಿದ್ದು ಅಪ್ಪ. ಕೋಲು ಕೊಟ್ಟವಳು ನಾನು, ಅಲ್ವಾ?

ಅವತ್ತು ಸಂಜೆ ಅವರ ಮನೆಗೆ ಹೋದೆ. ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲೇ ಅವನಮ್ಮ ತಡೆದರು. "ಚಪ್ಪಲಿ ಬಿಟ್ಟು ಕೈ ತೊಳ್ಕೊಂಡು ಬನ್ನಿ ಮಿಸ್, ಹುಳಕ್ಕೆ ರೋಗ ತಾಗುತ್ತೆ." ಒಳಗೆ ತಟ್ಟೆ ಮೇಲೆ ತಟ್ಟೆ. ಹುಳ ಸೊಪ್ಪು ತಿನ್ನುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು. ಸಭೆಯ ದಿನ ಹುಳ ನಾಲ್ಕನೇ ಜ್ವರ (ಸೊಪ್ಪು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು) ಎದ್ದು ಎರಡು ದಿನ ಆಗಿತ್ತಂತೆ. ಆ ಜ್ವರ ಎದ್ದಲ್ಲಿಂದ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ಒಂದು ವಾರ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ದಿನಗಳಲ್ಲೇ ಖರ್ಚಾಗುತ್ತದೆ. ನಾನು ಸಭೆ ಇಟ್ಟಿದ್ದು ಅಂಥ ದಿನ, ಅದೂ ಬೆಳಿಗ್ಗೆ 11 ಗಂಟೆಗೆ. ಬಂದ ಆ ಏಳು ಜನ ಹೇಗೆ ಬಂದರೋ!

ಅವನಮ್ಮನಿಗೆ ನಮ್ಮ ನಲಿ-ಕಲಿ ಬಗ್ಗೆಯೇ ಅನುಮಾನ. "ಹೋಂವರ್ಕ್ ಇಲ್ಲ, ಪರೀಕ್ಷೆ ಇಲ್ಲ, ಬರೀ ಕಾರ್ಡ್ ಹಿಡ್ಕೊಂಡು ಆಟ. ಪಾಠ ಯಾವಾಗ ಮಾಡ್ತೀರಾ?" ಈ ಪ್ರಶ್ನೆ ನನಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾಯಿತು, ಮಕ್ಕಳು ತಮ್ಮ ವೇಗದಲ್ಲಿ ಕಲಿಯುತ್ತಾರೆ ಅಂತ ತರಬೇತಿಯಲ್ಲಿ ಕಲಿತಿದ್ದನ್ನು ಒಪ್ಪಿಸಲು ಹೊರಟೆ. ಆಕೆ ಆಕಳಿಸಿದರು. ಆಮೇಲೆ ಹೊಳೆಯಿತು. ನಮ್ಮಲ್ಲೂ 'ತಟ್ಟೆ' ಇದೆ. ಯಾರಿಗೆ ಶಿಕ್ಷಕರ ನೆರವು ಬೇಕು, ಯಾರಿಗೆ ಗೆಳೆಯರದ್ದು ಸಾಕು, ಯಾರು ತಾವೇ ಕಲಿಯುತ್ತಾರೆ ಅಂತ ನೋಡಿ ಮಕ್ಕಳನ್ನು ಬೇರೆ ಬೇರೆ ತಟ್ಟೆಯಲ್ಲಿ ಕೂರಿಸುತ್ತೇವೆ. ಅದನ್ನು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಲ್ಲ ನಾವು. ಎಲ್ಲಾ ಏಳೋ ತನಕ ಕಾಯ್ತೀವಿ. ನಮ್ಮೋನೂ ಜ್ವರಕ್ಕೆ ಕೂತವ್ನೆ ಅನ್ನಿ" ಅಂದರು. ಗಂಡನ ಕಡೆಗೂ ಒಂದು ಸಲ ನೋಡಿದರು. ಆತ ಸೊಪ್ಪು ಹರಡುತ್ತಲೇ ಇದ್ದರು, ಮಾತಾಡಲಿಲ್ಲ.

ಆಮೇಲೆ ನಾನು ಕರೆಯುವುದನ್ನು ಕಡಿಮೆ ಮಾಡಿ ಹೋಗುವುದನ್ನು ಜಾಸ್ತಿ ಮಾಡಿದೆ. ಮನೆಮನೆಗೂ ಅಲ್ಲ, ಅದಕ್ಕೆ ನನಗೂ ಪುರುಸೊತ್ತಿಲ್ಲ. ವಾರಕ್ಕೆ ಎರಡು ಸಂಜೆ ಹಾಲಿನ ಡೈರಿ ಹತ್ತಿರ ನಿಲ್ಲುತ್ತೇನೆ. ಹಾಲು ಹಾಕಲು ಊರಿನ ಅರ್ಧ ಜನ ಅಲ್ಲಿಗೆ ಬಂದೇ ಬರುತ್ತಾರೆ, ಅದರಲ್ಲೂ ಅಮ್ಮಂದಿರು. ಒಬ್ಬರಿಗೆ ಎರಡು ನಿಮಿಷ ಸಾಕು. ಮೊದಲು ಮಗು ಮಾಡಿದ ಒಂದು ಒಳ್ಳೆ ಕೆಲಸ ಹೇಳುತ್ತೇನೆ. ದೂರು ಇದ್ದರೆ ಅಲ್ಲಿ ಬಾಯಿ ಬಿಡುವುದಿಲ್ಲ.

ಡೈರಿಯಲ್ಲೇ ಒಂದು ಉಪಾಯವೂ ಸಿಕ್ಕಿತು. 'ಮನೆಯಲ್ಲಿ ಓದಿಸಿ' ಅಂದರೆ ಹೆಬ್ಬೆಟ್ಟು ಒತ್ತುವ ತಾಯಿ ಏನು ಮಾಡಬೇಕು? ಹಾಗಾಗಿ ಹಾಲಿನ ಪುಸ್ತಕ ಓದಿಸಲು ಹೇಳಿದೆ. ದಿನಾಂಕ, ಲೀಟರ್, ಫ್ಯಾಟ್, ರೇಟು ಎಲ್ಲಾ ಅದರಲ್ಲಿರುತ್ತದೆ. ಬೆಳಿಗ್ಗೆ ಎಷ್ಟು ಲೀಟರ್ ಹಾಕಿದ್ದು ಅಂತ ಅಮ್ಮನಿಗೆ ಬಾಯಿಪಾಠ. ಮಗ ಆರೂವರೆಯನ್ನು ಐದೂವರೆ ಅಂತ ಓದಿದರೆ ಅಕ್ಷರ ಬಾರದ ತಾಯಿಯೂ ಥಟ್ಟನೆ ಹಿಡಿಯುತ್ತಾಳೆ. ಬೆಳಗಿನ ಹಾಲಿಗಿಂತ ಸಂಜೆ ಹಾಲು ಎಷ್ಟು ಕಡಿಮೆ ಅಂತ ಕೇಳಿಸಿದೆವು. ದಶಕ ತಗೊಳ್ಳುವ ಲೆಕ್ಕ ಆ ಹುಡುಗನಿಗೆ ಕೂತಿದ್ದು ನನ್ನ ಕಾರ್ಡಿನಿಂದಲೋ ಹಾಲಿನ ಪುಸ್ತಕದಿಂದಲೋ ಹೇಳಲಾರೆ. ಕೂತಿತು.

ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದೆ. ಫೋನ್ ಅಪ್ಪನ ಜೇಬಿನಲ್ಲಿ, ಅಪ್ಪ ಗೂಡು ಮಾರುಕಟ್ಟೆಯಲ್ಲಿ. ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವು. ಬಿಟ್ಟೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಗ್ಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಇದ್ದಾರೆ. ಆದರೆ ನಮ್ಮಲ್ಲಿ ಅವರ ಕೆಲಸ ಬಹುಕಾಲ ನಡಾವಳಿಗೆ ಸಹಿ ಹಾಕುವುದಷ್ಟೇ ಆಗಿತ್ತು. ಈಗ ಸಭೆಯ ದಿನಾಂಕ ಅವರೇ ಹೇಳುತ್ತಾರೆ. ಊರಲ್ಲಿ ಹೆಚ್ಚಿನವರ ಗೂಡು ಮಾರಿ ಮುಗಿದು, ಹೊಸ ಹುಳುಮರಿ ತರುವ ಮುಂಚೆ ಸಿಗುವ ನಾಲ್ಕೈದು ದಿನಗಳಲ್ಲಿ ಒಂದು ಸಂಜೆ. ಹಿಂದಿನ ಸಭೆಗೆ 19 ಮನೆಯವರು ಬಂದಿದ್ದರು. ಮಕ್ಕಳ ಮಟ್ಟವನ್ನು ಈಗ ಎಲ್ಲರೆದುರು ಓದುವುದಿಲ್ಲ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ತೋರಿಸುತ್ತೇನೆ. ತಡವಾಗುತ್ತದೆ, ಆಗಲಿ.

ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡಿ. ಎರಡು ಮನೆಯವರು ಇವತ್ತಿಗೂ ನನ್ನ ಕಂಡರೆ ದಾರಿ ಬದಲಿಸುತ್ತಾರೆ. ಹಾಲಿನ ಪುಸ್ತಕ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿಯನ್ನು ಈ ಜೂನ್‌ನಲ್ಲಿ ಟಿಸಿ ತಗೊಂಡು ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಸೇರಿಸಿದರು. ಮೊನ್ನೆ ಡೈರಿಯಲ್ಲಿ ಅವಳಮ್ಮ ಸಿಕ್ಕಿ, "ಅಲ್ಲಿ ಮಿಸ್ ಹತ್ರ ಮಾತಾಡಬೇಕಂದ್ರೆ ಗೇಟಲ್ಲೇ ನಿಲ್ಲಿಸ್ತಾರೆ" ಅಂದರು. ಕ್ಯಾನು ಕೆಳಗಿಟ್ಟು, ಮಗಳ ಹೊಸ ಡೈರಿಯಲ್ಲಿ ಏನು ಬರೆದಿದ್ದಾರೆ ಓದಿ ಹೇಳಿ ಅಂತ ನನ್ನ ಕೈಗೆ ಕೊಟ್ಟರು.