28 ವರ್ಷದ ಹಟ
ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಹಾಲಿವುಡ್ ಡೈರೆಕ್ಟರ್ ಮಾರ್ಟಿನ್ ಸ್ಕಾರ್ಸೆಸಿಯ ‘ಸೈಲೆನ್ಸ್’ ಪಿಕ್ಚರ್ ಹಾಕ್ಕೊಂಡು ಕೂತೆ, ಎರಡೂವರೆ ಗಂಟೆ ಮೇಲಿದೆ, ಇವತ್ತು ಆಫೀಸಲ್ಲಿ ಎಲ್ರೂ ಕಣ್ಣಿಗೇನಾಯ್ತು ಅಂತಾನೇ ಕೇಳಿದ್ದು. ಈ ಪುಣ್ಯಾತ್ಮಂಗೆ ಚಿಕ್ಕೋನಿದ್ದಾಗ ಅಸ್ತಮಾ, ಆಟ ಇಲ್ಲ ಓಟ ಇಲ್ಲ, ಚರ್ಚು ಬಿಟ್ರೆ ಥಿಯೇಟರು, ಪಾದ್ರಿ ಆಗ್ಬೇಕು ಅಂತ ಸೆಮಿನರಿಗೂ ಸೇರಿ ಅಲ್ಲಿ ನಿಲ್ಲೋಕಾಗ್ದೆ ಬಂದೋನು. 1978ರಲ್ಲಿ ಡ್ರಗ್ಸ್ ಹೊಡ್ದು ಹೊಡ್ದು ಸಾಯೋ ಸ್ಥಿತೀಲಿ ಆಸ್ಪತ್ರೆ, ಎದ್ದು ಬಂದು 1980ಕ್ಕೆ ‘ರೇಜಿಂಗ್ ಬುಲ್’ ಪಿಕ್ಚರ್. 1988ರಲ್ಲಿ ಏಸು ಮೇಲೆ ಪಿಕ್ಚರ್ ಮಾಡಿ ಉಗಿಸ್ಕೊಂಡ, ಅದೇ ವರ್ಷ ಒಬ್ರು ಬಿಷಪ್ಪು ಜಪಾನಿನ ಶೂಸಾಕು ಎಂಡೋ ಕಾದಂಬರಿ ಕೊಟ್ರು, ಅದು ‘ಸೈಲೆನ್ಸ್’ ಆಗಿ ತೆರೆಗೆ ಬಂದಿದ್ದು 2016ಕ್ಕೆ. 28 ವರ್ಷ ಗುರೂ! ನಾನು ಜಿಮ್ಮಿಗೆ 28 ದಿನ ಹೋದೋನಲ್ಲ.

‘ಸೈಲೆನ್ಸ್’ ತುಂಬಾ ಅದ್ರ ಹೀರೋ, ಒಬ್ಬ ಪಾದ್ರಿ, ದೇವ್ರನ್ನ ಕರೀತಾನೇ ಇರ್ತಾನೆ, ಆ ಕಡೆಯಿಂದ ಸದ್ದೇ ಇಲ್ಲ. ಸಂಜೆ ಶಿವಾಜಿನಗರದಲ್ಲಿ ಬಸ್ಸಿಗೆ ಕಾಯೋವಾಗ ಸುಮ್ನೆ ಸೇಂಟ್ ಮೇರೀಸ್ ಚರ್ಚ್ ಒಳಗೆ ಹೋದೆ, ಬುರ್ಖಾ ಹಾಕಿದ್ದ ಅಜ್ಜಿ ಒಬ್ರು ಮಾತೆ ಮುಂದೆ ಮೇಣದಬತ್ತಿ ಹಚ್ಚಿ ಏನೋ ಗೊಣಗ್ತಾ ಇದ್ರು, ಉತ್ತರಕ್ಕೇನೂ ಕಾದಂಗೆ ಕಾಣ್ಲಿಲ್ಲ, ಮುಗ್ಸಿ ಚಪ್ಲಿ ಹಾಕ್ಕೊಂಡು ಹೊರಟೇ ಹೋದ್ರು. ನನ್ನ ಬಸ್ಸೂ ಹೋಗಿತ್ತು.