ಚಿಲ್ಲರೆ

ನನ್ನ ಲ್ಯಾಪ್‌ಟಾಪಿನಲ್ಲಿ ‘ಚಿಲ್ಲರೆ’ ಎಂಬ ಹೆಸರಿನ ಒಂದು ಫೋಲ್ಡರ್ ಇದೆ. ಹತ್ತು ಸಾಲು ಮೀರಿದ ಸ್ಕ್ರಿಪ್ಟ್‌ಗೆ, ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಪುಟ್ಟ ಪ್ರೋಗ್ರಾಮಿಗೆ, ಅಲ್ಲಿ ಜಾಗವಿಲ್ಲ. ಅಲ್ಲಿರುವ ಅರ್ಧದಷ್ಟು ಹುಟ್ಟಿದ್ದು ನನಗೆ ಸಂಬಳ ಕೊಡುವ ಕೆಲಸದಿಂದಲ್ಲ, ಅಪ್ಪನ ಡೇರಿಯಿಂದ.

ಅಪ್ಪ ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಕಳೆದ ದಸರಾ ರಜೆಯಲ್ಲಿ ನನ್ನ ಮುಂದೆ ಎರಡು ಪಟ್ಟಿ ಇಟ್ಟರು. ಒಂದರಲ್ಲಿ ಸದಸ್ಯರು ಹಾಕಿದ ಹಾಲಿನ ಲೆಕ್ಕ, ಇನ್ನೊಂದರಲ್ಲಿ ಅವರ ಬ್ಯಾಂಕ್ ಖಾತೆ. ಎರಡನ್ನೂ ಜೋಡಿಸಿದರೆ ಬಟವಾಡೆ ಪಟ್ಟಿ ಸಿದ್ಧ. ಸದಸ್ಯ ಸಂಖ್ಯೆ ಎರಡರಲ್ಲೂ ಇದೆ, ಚಹಾ ಆರುವುದರೊಳಗೆ ಮುಗಿಸುತ್ತೇನೆ ಎಂದು ಕುಳಿತೆ. ಒಂದು ಸಾಲೂ ಜೋಡಿಯಾಗಲಿಲ್ಲ.

ಕಾರಣ ಕಣ್ಣೆದುರೇ ಇತ್ತು. ಒಂದು ಪಟ್ಟಿಯಲ್ಲಿ ೧೨೭, ಇನ್ನೊಂದರಲ್ಲಿ 127. ಅಂಕಿ ಬದಲಾಯಿಸಲು ಕೈ ತಾನಾಗಿಯೇ ಟಿಆರ್ ಆದೇಶದ ಕಡೆ ಹೋಯಿತು. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಇಡುವ ಆದೇಶ ಅದು. ಕನ್ನಡದ ಹತ್ತು ಅಂಕಿ ಒಂದು ಕಡೆ, ಇಂಗ್ಲಿಷಿನ ಹತ್ತು ಇನ್ನೊಂದು ಕಡೆ. ೧೨೭ ಕೊಟ್ಟರೆ ಅದು 995998999 ಎಂದಿತು. ಹಾಲು ಹಾಕುವವರು ಅಷ್ಟು ಜನರಿದ್ದರೆ ಅಪ್ಪನ ಕಷ್ಟವೇ ಬೇರೆ ಇರುತ್ತಿತ್ತು! ನನ್ನ ಉಬುಂಟುವಿನ ಟಿಆರ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಂಕಿಗೂ ಮೂರು ಬೈಟ್. ಮೂರು ಅಂಕಿ ಒಂಬತ್ತಾದದ್ದು ಹೀಗೆ.

ಪಠ್ಯ ತಿದ್ದುವ ಇನ್ನೊಂದು ಆದೇಶವಾದ ಸೆಡ್‌ಗೆ ಆ ತೊಂದರೆ ಇಲ್ಲ. ಅದಕ್ಕೆ ಕೊಟ್ಟದ್ದು ಇಷ್ಟೇ:

ವೈ/೦೧೨೩೪೫೬೭೮೯/0123456789/

ಮೊದಲಿನ ‘ವೈ’ ಇಂಗ್ಲಿಷಿನ ಚಿಕ್ಕ ವೈ ಅಕ್ಷರ. ಲೊಕೇಲ್, ಅಂದರೆ ಕಂಪ್ಯೂಟರಿನ ಭಾಷೆಯ ಸೆಟ್ಟಿಂಗ್, ಯುಟಿಎಫ್-8 ಇರಬೇಕು, ಇಲ್ಲವಾದರೆ ಎರಡು ಕಡೆಯ ಉದ್ದ ಹೊಂದುವುದಿಲ್ಲ ಎಂದು ತಕರಾರು ತೆಗೆಯುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಇದೂ ಬೇಡ. ಅದರ ಇಂಟ್ ಫಂಕ್ಷನ್‌ಗೆ ‘೧೨೭’ ಎಂಬ ಪಠ್ಯ ಕೊಟ್ಟರೆ ನೇರವಾಗಿ 127 ಸಿಗುತ್ತದೆ. ಇದು ಗೊತ್ತಾದ ದಿನ ನನಗೆ ಆದ ಸಂತೋಷ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಸಂಖ್ಯೆ ಹೊಂದಿತು. ಹಣದ ವಿಷಯವಾದ್ದರಿಂದ ಹೆಸರನ್ನೂ ತಾಳೆ ನೋಡೋಣ ಎಂದು ಹೊರಟೆ. ಮೂವತ್ತಕ್ಕೂ ಹೆಚ್ಚು ಹೆಸರು ತಾಳೆಯಾಗಲಿಲ್ಲ, ಅದರಲ್ಲೂ ಕೊಟ್ರೇಶಪ್ಪಂದಿರೇ ಹೆಚ್ಚು. ಕೊಟ್ಟೂರು ಹತ್ತಿರವಿರುವ ನಮ್ಮ ಕಡೆ ಆ ಹೆಸರಿಗೆ ಬರವಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆಗ ತೆಗೆದದ್ದು ಚಿಲ್ಲರೆ ಫೋಲ್ಡರಿನ ಎರಡು ಸಾಲಿನ ‘ಎಕ್ಸ್‌ರೇ’: ಹೆಸರಿನ ಒಂದೊಂದೇ ಸಂಕೇತವನ್ನು ಪೈಥಾನಿನ ಆರ್ಡ್ ಫಂಕ್ಷನ್‌ಗೆ ಕೊಟ್ಟು, ಕಂಪ್ಯೂಟರ್ ಅದನ್ನು ಗುರುತಿಸುವ ಸಂಖ್ಯೆ ಮುದ್ರಿಸುವುದು. ಒಂದು ಪಟ್ಟಿಯ ‘ಕೊ’ 3221, 3274. ಇನ್ನೊಂದರದ್ದು 3221, 3270, 3266. ಅಂದರೆ ಒಂದು ಕಡೆ ಒಕಾರದ ಒಂದೇ ಚಿಹ್ನೆ, ಇನ್ನೊಂದು ಕಡೆ ಎಕಾರಕ್ಕೆ ಊಕಾರದ ಕೊಂಬು ಸೇರಿಸಿ ಮಾಡಿದ ಒಕಾರ. ಅಕ್ಷರಗಳಿಗೆ ಈ ಸಂಖ್ಯೆ ಕೊಡುವ ಮಾನದಂಡವಾದ ಯೂನಿಕೋಡ್ ಎರಡನ್ನೂ ಒಪ್ಪುತ್ತದೆ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಎಂಬುದಿದೆ. ಅದಕ್ಕೆ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪ) ಎಂದು ಹೇಳಿ ಹೆಸರು ಕೊಟ್ಟರೆ ಎರಡೂ ಮೊದಲಿನ ರೂಪಕ್ಕೆ ಬರುತ್ತವೆ. ಕನ್ನಡದ ಯಾವುದೇ ಪಠ್ಯವನ್ನು ಹೋಲಿಸುವ ಮುನ್ನ ಈಗ ನಾನು ಇದನ್ನು ಕಣ್ಣು ಮುಚ್ಚಿ ಮಾಡುತ್ತೇನೆ.

ಆದರೂ ಸುರೇಶ್ ಹೊಂದಲಿಲ್ಲ. ಮತ್ತೆ ಎಕ್ಸ್‌ರೇ. ಹೆಸರಿನ ಬಾಲದಲ್ಲಿ 8204 ಕುಳಿತಿತ್ತು. ಅರ್ಧಾಕ್ಷರದ ಮುಂದೆ ಒತ್ತು ಮೂಡದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಅದು. ಕೊನೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಟೈಪ್ ಮಾಡುವ ತಂತ್ರಾಂಶವೋ ಪರಿವರ್ತಕವೋ ಬಿಟ್ಟುಹೋಗಿರುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. 8204 ಮತ್ತು ಅದರ ಜೊತೆಗಾರ 8205 ಎರಡನ್ನೂ ರಿಪ್ಲೇಸ್‌ನಿಂದ ಅಳಿಸಿದೆ, ಎಲ್ಲವೂ ಹೊಂದಿತು.

ಅಲ್ಲೇ ಎಡವಿದೆ. ಅಳಿಸಿದ ಹೆಸರುಗಳನ್ನೇ ಬಟವಾಡೆ ಪಟ್ಟಿಗೂ ಮುದ್ರಿಸಿದೆ. ಅನ್ವರ್‌ಪಾಷಾ ಅವರು ಡೇರಿಯ ಫಲಕದಲ್ಲಿ ‘ಅನ್ವರ್ಪಾಷಾ’ ಆಗಿಬಿಟ್ಟರು. ಸಂಜೆ ಹಾಲು ಹಾಕಲು ಬಂದವರು, “ನಿಮ್ಮ ಮಗಳು ನನ್ನ ಹೆಸರಿಗೆ ಅರ್ಕಾವತ್ತು ಕೊಟ್ಟಿದ್ದಾಳಲ್ಲ ಸ್ವಾಮಿ” ಎಂದು ನಕ್ಕರಂತೆ. ಈಗ ಹೋಲಿಸಲು ಬೇರೆಯೇ ಕಾಲಂ ಮಾಡುತ್ತೇನೆ, ಮೂಲ ಹೆಸರನ್ನು ಮುಟ್ಟುವುದಿಲ್ಲ.

ಎಸ್‌ಎಂಎಸ್ ಸಂದೇಶದ ಉದ್ದ ನೋಡುವ ಒಂದು ಸಾಲಿನ ಸ್ಕ್ರಿಪ್ಟ್ ಕೂಡ ಅದೇ ವಾರದ್ದು. ಕನ್ನಡದ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ 70 ಸಂಕೇತಗಳ ಮಿತಿ, ಇಂಗ್ಲಿಷಿನ 160 ಅಲ್ಲ. ‘ಕೊಟ್ರೇಶಪ್ಪ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಉದ್ದ ಎಣಿಸುವ ಪೈಥಾನಿನ ಲೆನ್‌ಗೆ ಹತ್ತು. ಎಸ್‌ಎಂಎಸ್ ಲೆಕ್ಕ ಹಿಡಿಯುವುದು ಆ ಹತ್ತನ್ನೇ.

ಕೊನೆಗೆ ಒಂದೇ ಒಂದು ಹೆಸರು ಉಳಿಯಿತು. ಹಾಲಿನ ಪಟ್ಟಿಯಲ್ಲಿ ಬಸವ್ವ, ಬ್ಯಾಂಕಿನದರಲ್ಲಿ ಬಸಮ್ಮ. ಎಕ್ಸ್‌ರೇಯಲ್ಲಿ ಏನೂ ದೋಷವಿಲ್ಲ. ಅಪ್ಪನನ್ನು ಕೇಳಿದೆ. ಪತ್ರಿಕೆಯಿಂದ ತಲೆ ಎತ್ತದೆ ಹೇಳಿದರು: “ಒಬ್ಬಳೇ. ಬ್ಯಾಂಕಿಗೆ ಬಸಮ್ಮ, ಕೇರಿಗೆ ಬಸವ್ವ. ಹಾಕು ದುಡ್ಡು.”