‘ನಿಮ್ಮ ಪೇಪರಿಗೆ ಎಷ್ಟು ಸೈಟೇಶನ್?’

ಶಿರಸಿ ಕಡೆ ಮದುವೆಮನೆಗೆ ಹೋದರೆ ಮೊದಲೆಲ್ಲ ‘ಸಂಬಳ ಎಷ್ಟು?’ ಅಂತ ಕೇಳುತ್ತಿದ್ದರು. ಈಗ ‘ಸೈಟೇಶನ್ ಎಷ್ಟು?’ ಅಂತ ಕೇಳುತ್ತಾರೆ. ಮನೆಗೊಬ್ಬರು ಪಿಎಚ್‌.ಡಿ. ಮಾಡಿದರೆ ಇನ್ನೇನಾಗುತ್ತದೆ! ನಾನು ಆಪ್ಟಿಮೈಸೇಶನ್ ಗಣಿತದಲ್ಲಿ ಕೆಲಸ ಮಾಡುವವನು. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸೈಟೇಶನ್ ಅಂದರೆ ಬೇರೆಯವರು ತಮ್ಮ ಸಂಶೋಧನಾ ಪೇಪರಿನಲ್ಲಿ ನಮ್ಮ ಪೇಪರಿನ ಹೆಸರು ಹಾಕುವುದು. ಅಷ್ಟೇ. ಇದರ ಮೇಲೆ 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಲೆಕ್ಕ ತಂದರು. ಹತ್ತು ಪೇಪರಿಗೆ ತಲಾ ಹತ್ತಾದರೂ ಸೈಟೇಶನ್ ಇದ್ದು, ಹನ್ನೊಂದಕ್ಕೆ ಹನ್ನೊಂದು ಇಲ್ಲದಿದ್ದರೆ, ನಿಮ್ಮ ಎಚ್ ಹತ್ತು. ನೌಕರಿ, ಬಡ್ತಿ ಕೊಡುವವರು ಇದನ್ನೂ ನೋಡುತ್ತಾರೆ.

ಇನ್ನು ನಮ್ಮ ಕೆಲಸ ಏನು ಅಂತ. ಅಡಿಕೆ ತೋಟ ಇರುವವರಿಗೆ ಹೇಳುವುದು ಸುಲಭ. ಹಸಿರಿದ್ದಾಗಲೇ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡಬಹುದು. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡಬಹುದು. ಕೆಂಪಿಗೆ ಸೌದೆ ಬೇಕು, ಕೊಯ್ದ ಕೂಡಲೇ ಸುಲಿಯಲು ಜನ ಬೇಕು. ಚಾಲಿಗೆ ದೊಡ್ಡ ಅಂಗಳ, ವಾರಗಟ್ಟಲೆ ಬಿಸಿಲು ಬೇಕು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಎರಡಕ್ಕೂ ಬೇಕು, ಆತ ಸಿಗುವುದೇ ಕಷ್ಟ. ಇರುವುದರಲ್ಲೇ ಜಾಸ್ತಿ ದುಡ್ಡು ಬರಬೇಕಾದರೆ ಎಷ್ಟು ಕೆಂಪು, ಎಷ್ಟು ಚಾಲಿ? ಆಪ್ಟಿಮೈಸೇಶನ್ ಅಂದರೆ ಇದೇ.

ಲೆಕ್ಕ ಬಿಡಿಸಿದಾಗ ಇನ್ನೊಂದು ಉತ್ತರವೂ ಸಿಗುತ್ತದೆ. ಅಂಗಳ ಪೂರ್ತಿ ತುಂಬಿದೆ ಅಂತಿಟ್ಟುಕೊಳ್ಳಿ. ಇನ್ನೂ ಒಂದಡಿ ಜಾಗ ಇದ್ದಿದ್ದರೆ ಲಾಭ ಎಷ್ಟು ಏರುತ್ತಿತ್ತು? ಅದೇ ಆ ಅಡಿಯ ಬೆಲೆ. ನಾವು ಶ್ಯಾಡೋ ಪ್ರೈಸ್, ಅಂದರೆ ನೆರಳು ಬೆಲೆ ಅನ್ನುತ್ತೇವೆ. (ಅಡಿಕೆ ಒಣಗಿಸುವವರಿಗೆ ನೆರಳು ಅಂದರೇ ಆಗುವುದಿಲ್ಲ, ಅದು ಬೇರೆ ಮಾತು.) ಅಂಗಳದ ಮೂಲೆ ಖಾಲಿ ಉಳಿದಿದ್ದರೆ ಆ ಬೆಲೆ ಸೊನ್ನೆ.

ಸಾದಾ ಮಾತು ಅಲ್ವಾ? ಆದರೆ ಸರಳ ರೇಖೆ ಬಿಟ್ಟು ಬಾಗಿದ ಸಮೀಕರಣಗಳು ಬಂದಾಗ ಈ ಮಾತು ಯಾವಾಗ ನಿಜವಾಗಿಯೇ ಉಳಿಯುತ್ತದೆ ಎಂದು ತೋರಿಸಿದ್ದು ದೊಡ್ಡ ಕೆಲಸ. 1951ರಲ್ಲಿ ಕೂನ್ ಮತ್ತು ಟಕರ್ ಎಂಬ ಗಣಿತಜ್ಞರು ಅದನ್ನು ಪ್ರಕಟಿಸಿದರು. ಪುಸ್ತಕಗಳಲ್ಲಿ ಅವರಿಬ್ಬರ ಹೆಸರೇ ನಿಂತಿತು. ಆಮೇಲೆ ನೋಡಿದರೆ, ವಿಲಿಯಂ ಕರುಶ್ ಎಂಬ ವಿದ್ಯಾರ್ಥಿ 1939ರಲ್ಲೇ ಇದನ್ನು ಶಿಕಾಗೋ ವಿಶ್ವವಿದ್ಯಾಲಯದ ತನ್ನ ಮಾಸ್ಟರ್ಸ್ ಥೀಸಿಸ್‌ನಲ್ಲಿ ಬರೆದಿಟ್ಟಿದ್ದ. ಅದು ಅಚ್ಚಾಗಿರಲಿಲ್ಲ. ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. 1970ರ ದಶಕದಲ್ಲಿ ಕೂನ್ ಅವರೇ ಮುಂದೆ ಬಂದು, ಇದು ಕರುಶ್ ಮೊದಲೇ ಮಾಡಿದ ಕೆಲಸ ಅಂತ ಎಲ್ಲರಿಗೂ ಹೇಳಿದರು. ಈಗ ಕೆಕೆಟಿ ನಿಯಮ ಅನ್ನುತ್ತೇವೆ, ಮೊದಲ ‘ಕೆ’ ಕರುಶ್‌ನದು. ಈ ಕಥೆಯಲ್ಲಿ ನನಗೆ ಕರುಶ್‌ಗಿಂತ ಕೂನ್ ಇಷ್ಟ. ತನ್ನ ಹೆಸರನ್ನು ತಾನೇ ಹಿಂದಕ್ಕೆ ಸರಿಸಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ?

ಇದಕ್ಕೆ ತಿರುಗಾಮುರುಗಾ ಕೂಡ ಆಗುತ್ತದೆ. ಡ್ಯಾಂಟ್ಸಿಗ್ ಎಂಬ ಗಣಿತಜ್ಞ 1947ರಲ್ಲಿ ಕಂಡುಕೊಂಡ ಸಿಂಪ್ಲೆಕ್ಸ್ ವಿಧಾನ ಇವತ್ತಿಗೂ ಇಂಥ ಲೆಕ್ಕದ ಸಾಫ್ಟ್‌ವೇರಿನೊಳಗೆ ಓಡುತ್ತಿದೆ. ಬಳಸುವವರಲ್ಲಿ ಹೆಚ್ಚಿನವರು ಅವರ ಹೆಸರು ಹಾಕುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವಾಗ, ಮೊದಲು ಹಾಕಿದ್ದು ಯಾರು ಅಂತ ನಾವು ಕೇಳುತ್ತೇವಾ?

ಸರಿ, ನನ್ನದು ಎಷ್ಟು? ನನ್ನ ಪೇಪರುಗಳಲ್ಲಿ ಜಾಸ್ತಿ ಸೈಟೇಶನ್ ಬಂದದ್ದು ಒಂದು ಸಮೀಕ್ಷೆಗೆ. ಬೇರೆಯವರ ಫಲಿತಾಂಶಗಳನ್ನು ಸುಮ್ನೆ ಒಂದೆಡೆ ಜೋಡಿಸಿದ್ದು, ನನ್ನ ಪ್ರಮೇಯ ಒಂದೂ ಅದರಲ್ಲಿಲ್ಲ. ಮೂರು ವರ್ಷ ನಿದ್ದೆಗೆಟ್ಟು ಬರೆದದ್ದಕ್ಕೆ ಹನ್ನೊಂದು. ಇದನ್ನು ಕಳೆದ ತಿಂಗಳು ಊಟದ ಪಂಕ್ತಿಯಲ್ಲಿ ಚಿಕ್ಕಪ್ಪನಿಗೆ ಹೇಳಿದೆ. ‘ಅದರಲ್ಲಿ ನಾಲ್ಕು ನಾನೇ ನನ್ನದಕ್ಕೆ ಹಾಕಿಕೊಂಡದ್ದು’ ಅಂತ ಸೇರಿಸಿದೆ.

‘ಏಳು ಜನ ಓದಿದ್ದಾರಲ್ಲ ತಮಾ, ಸಾಕು’ ಅಂದರು.

‘ಓದಿದ್ದಾರೋ ಇಲ್ವೋ ಚಿಕ್ಕಪ್ಪ, ಹೆಸರು ಹಾಕಿದ್ದಾರೆ’ ಅಂದೆ.